ದಕ್ಷಿಣಕ್ಕೆ ತಿರುಗಿಸಿದವಳು

ಬಿಳಿಕಲ್ಲು ಹಟ್ಟಿ, ಚಳ್ಳಕೆರೆ ತಾಲ್ಲೂಕು
20 ಅಕ್ಟೋಬರ್ 2000

ಮೊಳಕಾಲ್ಮೂರಿನ ಪರಿಹಾರ ಸಂಸ್ಥೆಯವರಿಗೆ,

ನಾನು ಬಿಳಿಕಲ್ಲು ಹಟ್ಟಿಯ ದೊಡ್ಡಮನೆ ಜಯಕ್ಕ. ವಯಸ್ಸು ಅರವತ್ತೊಂದು. ಚಳ್ಳಕೆರೆಯಲ್ಲಿ ಹೈಸ್ಕೂಲು ಓದಿದವಳು. ಆ ಕಾಲಕ್ಕೆ ನಮ್ಮ ಹಟ್ಟಿಯಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಯಜಮಾನರು ತೀರಿಕೊಂಡು ಹದಿನೆಂಟು ವರ್ಷವಾಯಿತು. ಅಂದಿನಿಂದ ಎಪ್ಪತ್ತೆರಡು ಮನೆಗಳ ನ್ಯಾಯ, ಮದುವೆಯ ಮಾತು, ಕುರಿ ಹೊರಡುವ ದಿನ ಎಲ್ಲವೂ ನನ್ನ ಮಾತಿನ ಮೇಲೆ ನಡೆಯುತ್ತವೆ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಕಾಗದ ಯಾರಿಂದ ಬಂದಿದೆ ಎಂಬುದು ನಿಮಗೆ ತಿಳಿದಿರಲಿ ಎಂದು ಬರೆದೆ.

ಈ ತಿಂಗಳ ಆರನೇ ತಾರೀಕು, ಮೂರು ದಿನ ಬಿಡದೆ ಸುರಿದ ಮಳೆಗೆ, ನಡುಮಧ್ಯಾಹ್ನ ನಮ್ಮ ಕೆರೆಯ ಏರಿ ಒಡೆಯಿತು. ನಮ್ಮ ಸೀಮೆಯವರು ಮಳೆ ಬರಲಿಲ್ಲ ಎಂದು ಅತ್ತವರೇ ಹೊರತು ಬಂತು ಎಂದು ಅತ್ತವರಲ್ಲ. ಒಂದು ಜೀವ ಹೋಯಿತು. ನೂರಾರು ಕುರಿ ಹೋದವು. ಕುಡಿಯುವ ಬಾವಿಯ ತುಂಬ ಕೆಸರು. ಬೋರು ಉಳಿದಿದೆ, ಆದರೆ ಹದಿನಾಲ್ಕು ಕರೆಂಟು ಕಂಬ ಕೊಚ್ಚಿಹೋಗಿವೆ. ಹೊಸ ಕಂಬಕ್ಕೆ ನಾಲ್ಕು ತಿಂಗಳು ಬೇಕಂತೆ. ಅಲ್ಲಿಯವರೆಗೆ ಏರಿ ಒಡೆದ ಕಡೆ ಬಿದ್ದ ಗುಂಡಿಯ ನೀರೇ ನಮಗೆ ಗತಿ. ಅದರಲ್ಲಿ ಸತ್ತ ಕುರಿ ತೇಲಿದ್ದನ್ನು ನಾನೇ ನೋಡಿದ್ದೇನೆ.

ಬಿಸಿಲಿನಿಂದ ನಡೆಯುವ ಪಂಪು ನಿಮ್ಮಲ್ಲಿ ಇದೆಯೆಂದು ಕೇಳಿದೆ. ನನಗೆ ಬೇಡುವ ಅಭ್ಯಾಸವಿಲ್ಲ. ಹಟ್ಟಿಯ ಪರವಾಗಿ ಕೇಳುತ್ತಿದ್ದೇನೆ.

ಇಂತಿ,
ಜಯಕ್ಕ

*

ಮೊಳಕಾಲ್ಮೂರು
27 ಅಕ್ಟೋಬರ್ 2000

ಪೂಜ್ಯ ಜಯಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನಾನು ಈ ಸಂಸ್ಥೆಯಲ್ಲಿ ಪಂಪು ಕೂರಿಸುವ ಕೆಲಸದವಳು, ಡಿಪ್ಲೊಮಾ ಓದಿದ್ದೇನೆ. ನವೆಂಬರ್ 4ಕ್ಕೆ ಇಬ್ಬರು ಕೆಲಸಗಾರರೊಂದಿಗೆ ಬರುತ್ತೇನೆ.

ಒಂದು ವಿಷಯ ಮೊದಲೇ ತಿಳಿಸುತ್ತೇನೆ. ಬಿಸಿಲು ಹಿಡಿಯುವ ನಮ್ಮ ಪ್ಲೇಟುಗಳನ್ನು ಒಂದು ಕಂಬದ ಮೇಲೆ ಕಡಿದಾಗಿ ನಿಲ್ಲಿಸಿರುತ್ತೇವೆ. ಅವನ್ನು ದಿನಕ್ಕೆ ಮೂರು ಸಲ ಕೈಯಿಂದ ತಿರುಗಿಸಬೇಕು. ಬೆಳಿಗ್ಗೆ ಪೂರ್ವಕ್ಕೆ, ನಡುಮಧ್ಯಾಹ್ನ ದಕ್ಷಿಣಕ್ಕೆ, ಆಮೇಲೆ ಪಶ್ಚಿಮಕ್ಕೆ. ಕಷ್ಟವಿಲ್ಲ. ಪಾನಾದಿಂದ ಒಂದು ಬೋಲ್ಟು ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿ ಮಾಡಿದರಾಯಿತು. ಮರೆಯದೆ ಮಾಡುವ ಒಬ್ಬರನ್ನು ನೀವೇ ಆರಿಸಿಡಿ. ಬಯಲು ಜಾಗ ಬೇಕು, ಮರದ ನೆರಳು ಬೀಳಬಾರದು.

ನಿಮ್ಮ
ತೇಜಶ್ರೀ

*

ಬಿಳಿಕಲ್ಲು ಹಟ್ಟಿ
28 ನವೆಂಬರ್ 2000

ತೇಜಶ್ರೀಯವರಿಗೆ,

ನೀವು ಹೋದ ಮೇಲೆ ಬರೆಯಲು ತಡವಾಯಿತು. ಶೇಂಗಾ ಸುಗ್ಗಿ ನಡೆದಿದೆ.

ನೀರು ಚೆನ್ನಾಗಿ ಬರುತ್ತಿದೆ. ಬೆಳಿಗ್ಗೆ ಶುರುವಾದದ್ದು ಹೊತ್ತು ಇಳಿಯುವವರೆಗೆ ನಿಲ್ಲುವುದಿಲ್ಲ. ಬೇಲಿಯ ಬಾಗಿಲ ಬಳಿ ನೀವಿಟ್ಟ ಕರಿ ಟ್ಯಾಂಕು ತುಂಬಿ ಹೊರಚೆಲ್ಲುತ್ತದೆ. ಹೆಣ್ಣುಮಗಳು ಕಂಬ ಹತ್ತಿ ವೈರು ಕಟ್ಟುವುದನ್ನು ನೋಡಿ ಅಂದು ನಾನು ಒಂದು ಮಾತು ಆಡಿದ್ದೆ. ನಿಮಗೆ ಕೇಳಿಸಿತ್ತೆಂದು ನಿಮ್ಮ ಮುಖ ನೋಡಿದಾಗ ಗೊತ್ತಾಯಿತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಪ್ಲೇಟಿನ ಜವಾಬ್ದಾರಿ ನಮ್ಮ ಪೂಜಾರಿ ಚಿಕ್ಕೀರಪ್ಪನದು. ಮುಂಜಾನೆ ಸ್ನಾನ ಮಾಡಿ ಅದಕ್ಕೆ ಕುಂಕುಮವಿಟ್ಟು ಬರುತ್ತಾನೆ. ಎಲ್ಲವೂ ನೀವು ಹೇಳಿಕೊಟ್ಟಂತೆಯೇ ನಡೆದಿದೆ.

ಇಂತಿ,
ಜಯಕ್ಕ

*

ಮೊಳಕಾಲ್ಮೂರು
4 ಡಿಸೆಂಬರ್ 2000

ಪೂಜ್ಯ ಜಯಕ್ಕನವರಿಗೆ,

ಪತ್ರ ಓದಿ ತುಂಬಾ ಸಂತೋಷವಾಯಿತು. ಕಳೆದ ತಿಂಗಳು ನಾವು ಐದು ಊರಲ್ಲಿ ಪಂಪು ಕೂರಿಸಿದೆವು. ಸಂಜೆಯವರೆಗೆ ನೀರು ಬರುವುದು ನಿಮ್ಮ ಹಟ್ಟಿಯಲ್ಲಿ ಮಾತ್ರ. ಉಳಿದ ಕಡೆ ಮಧ್ಯಾಹ್ನ ತಿರುಗಿಸುವುದನ್ನು ಮರೆಯುತ್ತಾರೆ. ಕುಂಕುಮ ಗಾಜಿನ ಮೇಲೆ ಬೇಡ, ಕಂಬಕ್ಕೆ ಇಡಲು ಹೇಳಿ.

ಅಂದು ಕೆಲಸ ಮುಗಿಯುವವರೆಗೆ ನನ್ನ ಪಕ್ಕದಲ್ಲಿ ಪಾನಾ ಹಿಡಿದು ನಿಂತಿದ್ದ ಬಸುರಿ ಹುಡುಗಿ ಹೇಗಿದ್ದಾಳೆ? ಹೆರಿಗೆಯಾಯಿತೇ? ಹತ್ತಾರು ಪ್ರಶ್ನೆ ಕೇಳಿದಳು. ಅಂಥವರು ಸಿಗುವುದು ಅಪರೂಪ.

ನಿಮ್ಮ
ತೇಜಶ್ರೀ

*

ಬಿಳಿಕಲ್ಲು ಹಟ್ಟಿ
12 ಡಿಸೆಂಬರ್ 2000

ತೇಜಶ್ರೀಯವರಿಗೆ,

ಪಂಪು ಕೆಟ್ಟಿದೆ. ಬೆಳಿಗ್ಗೆ ನೀರು ಸರಿಯಾಗಿ ಬರುತ್ತದೆ. ಹೊತ್ತು ನೆತ್ತಿಗೇರಿದ ಮೇಲೆ ಸಣ್ಣಗಾಗುತ್ತದೆ. ಊಟದ ಹೊತ್ತಿಗೆ ನಿಂತೇಹೋಗುತ್ತದೆ. ಟ್ಯಾಂಕಿನ ಮುಂದೆ ಕೊಡಗಳ ಸಾಲು, ಜಗಳ.

ಕೆಟ್ಟದ್ದು ಹೇಗೆಂದು ನನಗೆ ಗೊತ್ತಿದೆ. ನಮ್ಮಲ್ಲಿ ಹೆತ್ತ ಹೆಂಗಸು ಸೂತಕ ಕಳೆಯುವವರೆಗೆ ಕೂಸಿನೊಂದಿಗೆ ಬೇಲಿಯ ಹೊರಗಿನ ಗುಡಿಸಲಿನಲ್ಲಿ ಇರಬೇಕು. ಅದು ದೇವರ ಕಟ್ಟಳೆ. ಆ ದಿನಗಳಲ್ಲಿ, ಮುಂಜಾನೆ ಕುಂಕುಮವಿಟ್ಟು ಬರುವ ಚಿಕ್ಕೀರಪ್ಪನ ಹೊರತು, ಆ ಕಡೆ ಯಾರೂ ಸುಳಿಯುವುದಿಲ್ಲ. ನೀವು ಬಯಲು ಜಾಗವೆಂದು ಆರಿಸಿದ್ದು ಆ ಗುಡಿಸಲಿನ ಪಕ್ಕದ್ದೇ. ಈ ತಿಂಗಳ ಐದನೇ ತಾರೀಕು ಮಧ್ಯಾಹ್ನ, ಮರೆತುಬಂದ ಆರತಿ ತಟ್ಟೆ ತರಲೆಂದು ಚಿಕ್ಕೀರಪ್ಪ ಹೋದಾಗ, ಒಬ್ಬ ಬಾಣಂತಿ ನಿಮ್ಮ ಪ್ಲೇಟಿಗೆ ಕೈ ಹಾಕಿ ನಿಂತಿದ್ದಳು. ಕೈಯಲ್ಲಿ ಪಾನಾ. ನಮ್ಮ ಪಾನಾ ನನ್ನ ಪೆಟ್ಟಿಗೆಯಲ್ಲಿದೆ. ಇನ್ನೊಂದನ್ನು ಎಲ್ಲಿಂದ ಕದ್ದಳೋ. ಕೇಳಿದರೆ ಬಾಯಿ ಬಿಡಲಿಲ್ಲ.

ಮಾರನೇ ದಿನದಿಂದಲೇ ನೀರು ನಿಂತಿತು. ಇನ್ನೇನು ಸಾಕ್ಷಿ ಬೇಕು? ಹಟ್ಟಿಯ ಎದುರು ಅವಳನ್ನು ಕಳ್ಳಿ ಎಂದೆ. ಈ ನಲ್ಲಿಯ ನೀರು ಅವಳಿಗಿಲ್ಲ, ಏರಿಯ ಗುಂಡಿಯಿಂದ ತಂದುಕೊಳ್ಳಲಿ ಎಂದು ವಿಧಿಸಿದೆ. ಪ್ಲೇಟಿಗೆ ಸರಪಳಿ ಸುತ್ತಿ ಬೀಗ ಹಾಕಿಸಿದ್ದೇನೆ. ಅವಳು ಏನು ಮುರಿದಿದ್ದಾಳೆ ಎಂದು ನೋಡಲು ಬೇಗ ಯಾರನ್ನಾದರೂ ಕಳುಹಿಸಿ.

ಇಂತಿ,
ಜಯಕ್ಕ

*

ಮೊಳಕಾಲ್ಮೂರು
28 ಡಿಸೆಂಬರ್ 2000

ಪೂಜ್ಯ ಜಯಕ್ಕನವರಿಗೆ,

ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ನಾಲ್ಕು ಸಲ ಬರೆದು ಹರಿದೆ.

ನೀವು ಹೇಳುವ ಲಕ್ಷಣ ನೋಡಿದರೆ ಪಂಪಿನಲ್ಲಿ ದೋಷವಿಲ್ಲ. ಒಂದೇ ಪ್ರಶ್ನೆ. ನಡುಮಧ್ಯಾಹ್ನ ಪ್ಲೇಟಿನ ಮುಖ ಯಾವ ಕಡೆಗೆ ಇರುತ್ತದೆ? ದಯವಿಟ್ಟು ನೀವೇ ಹೋಗಿ ನೋಡಿ ಬರೆಯಿರಿ.

ತೇಜಶ್ರೀ

*

ಬಿಳಿಕಲ್ಲು ಹಟ್ಟಿ
3 ಜನವರಿ 2001

ತೇಜಶ್ರೀಯವರಿಗೆ,

ಪ್ಲೇಟು ಪೂರ್ವಕ್ಕೇ ಇದೆ. ಮೊದಲ ದಿನದಿಂದಲೂ ಇದೆ. ದಕ್ಷಿಣಕ್ಕೆ ನಾವು ತಿರುಗಿಸುವುದಿಲ್ಲ, ಅದನ್ನು ದಾಟಿ ಪಶ್ಚಿಮಕ್ಕೂ ಇಲ್ಲ. ಇದನ್ನು ಮೊದಲು ನಿಮಗೆ ಬರೆದಿರಲಿಲ್ಲ.

ಅದು ಯಮನ ದಿಕ್ಕು. ಏರಿ ಒಡೆದ ದಿನ ನೀರಿನಲ್ಲಿ ಹೋದ ಜೀವ ನನ್ನ ಮೈದುನ ಪಾತಣ್ಣ. ನಾನು ಮದುವೆಯಾಗಿ ಬಂದಾಗ ಅವನಿಗೆ ನಾಲ್ಕು ವರ್ಷ. ನನ್ನ ಕೈಯಲ್ಲೇ ಉಂಡು ಬೆಳೆದವನು. ಮರಿಗಳನ್ನು ಬಿಡಿಸುತ್ತೇನೆಂದು ಇಳಿದವನು ಮೂರನೇ ದಿನ ಸಿಕ್ಕ. ಹಟ್ಟಿಯ ದಕ್ಷಿಣಕ್ಕೆ ಮಣ್ಣು ಮಾಡಿದ್ದೇವೆ. ಆ ಮಣ್ಣು ಆರುವ ಮೊದಲೇ ಹಟ್ಟಿಯ ನೀರನ್ನು ಆ ಕಡೆಗೆ ಮುಖ ಮಾಡಿಸುವುದೇ? ಬೇಡವೆಂದು ಚಿಕ್ಕೀರಪ್ಪ ಹೇಳಿದ. ನಾನು ಒಪ್ಪಿದೆ. ಹಾಗಿದ್ದೂ ಒಂದು ತಿಂಗಳು ಸಂಜೆಯವರೆಗೆ ನೀರು ಬಂತಲ್ಲ? ಅದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಉತ್ತರವಿದೆ? ದೇವರು ಕೊಟ್ಟಿದ್ದ, ಸೂತಕದ ಕೈ ತಾಗಿ ಕಿತ್ತುಕೊಂಡ.

ಆ ಹೆಂಗಸಿನ ಕೂಸಿಗೆ ಭೇದಿ ಹತ್ತಿತೆಂದು ತವರಿನವರು ಬಂದು ಕರೆದುಕೊಂಡು ಹೋದರು. ಅದು ನಮ್ಮ ಹಟ್ಟಿಯ ವಿಷಯ. ನೀವು ಯಂತ್ರದ ವಿಷಯ ನೋಡಿ.

ಇಂತಿ,
ಜಯಕ್ಕ

*

ಮೊಳಕಾಲ್ಮೂರು
9 ಜನವರಿ 2001

ಜಯಕ್ಕನವರೇ,

ಒಂದು ತಿಂಗಳು ಸಂಜೆಯವರೆಗೆ ನೀರು ಹೇಗೆ ಬಂತು ಎಂದು ಕೇಳಿದ್ದೀರಿ. ಉತ್ತರ ಪುಸ್ತಕದಲ್ಲಿಲ್ಲ. ಡಿಸೆಂಬರ್ 24ರಂದು ಇಲ್ಲಿನ ಆಸ್ಪತ್ರೆಯಲ್ಲಿ ಸಿಕ್ಕಿತು. ಅಲ್ಲಿನ ಸೋಲಾರ್ ದೀಪ ನೋಡಲು ಹೋಗಿದ್ದೆ. ಮಕ್ಕಳ ವಾರ್ಡಿನಲ್ಲಿ, ಅಂದು ನನ್ನ ಪಕ್ಕ ಪಾನಾ ಹಿಡಿದು ನಿಂತಿದ್ದ ಆ ಹುಡುಗಿ ಕೂತಿದ್ದಳು. ಕೂಸಿನ ಕೈಗೆ ಸೂಜಿ ಚುಚ್ಚಿ ಬಾಟಲಿ ಹಾಕಿದ್ದರು. ನನ್ನನ್ನು ಕಂಡವಳು ಮೊದಲು ಕೇಳಿದ್ದು ಇದು.

"ಅಕ್ಕಾ, ಪ್ಲೇಟು ಈಗ ಯಾರು ತಿರುಗಿಸ್ತಾರೆ?"

ಅವಳ ತಾಯಿ ಸೂರಮ್ಮ ಗದರಿದರು. "ಸುಮ್ನಿರೇ ತಾಯಿ! ಕೂಸು ಕಣ್ಣು ಬಿಡ್ತಿಲ್ಲ, ಇವಳಿಗೆ ಪ್ಲೇಟಿನ ಚಿಂತೆ. ಆ ಪ್ಲೇಟಿನ ನೀರು ಒಂದು ತಂಬಿಗೆ ಕೊಟ್ರೇನೇ ನಿನಗೆ?"

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಪೂಜಾರಜ್ಜ ತಿರುಗಿಸಲ್ಲ ಅಂತ ಎರಡನೇ ದಿನಕ್ಕೇ ಗೊತ್ತಾತು. ಮಧ್ಯಾಹ್ನ ದಕ್ಷಿಣಕ್ಕೆ, ಇಳಿಹೊತ್ತು ಪಶ್ಚಿಮಕ್ಕೆ ನಾನೇ ತಿರುಗಿಸ್ತಿದ್ದೆ. ಆಗ ಎಲ್ರೂ ಶೇಂಗಾ ಹೊಲದಾಗೆ ಇರ್ತಿದ್ರು. ಹೆರಿಗೆ ಆದ್ಮೇಲೆ ಇನ್ನೂ ಸಲೀಸಾತು, ಗುಡಿಸಲಿಂದ ನಾಕು ಹೆಜ್ಜೆ. ಅಜ್ಜ ಕುಂಕುಮ ಇಡಾಕೆ ಬರೋ ಹೊತ್ತಿಗೆ ಪೂರ್ವಕ್ಕೆ ತಿರುಗಿಸಿಟ್ಟಿರ್ತಿದ್ದೆ. ಇನ್ನೇನು ಮಾಡ್ಲಿ ಅಕ್ಕಾ? ಎಪ್ಪತ್ತೆರಡು ಮನೆಗೆ ನೀರು ಬೇಕಲ್ಲ."

ನೀವು ಹಿಡಿದ ದಿನ ಅವಳು ಹೆತ್ತು ಹದಿನೇಳು ದಿನವಾಗಿತ್ತು. ಆಮೇಲೆ ಹತ್ತೊಂಬತ್ತು ದಿನ ಗುಂಡಿಯ ನೀರು ಹೊತ್ತಳು.

ಅವಳ ಹೆಸರು ಚಿತ್ರಾ. ನಿಮ್ಮ ಮಗ ಲೋಹಿತನ ಹೆಂಡತಿ. "ಒಬ್ಬ ಬಾಣಂತಿ" ಎಂದು ಬರೆದಿರಿ. "ಆ ಹೆಂಗಸು" ಎಂದು ಬರೆದಿರಿ. ನಿಮ್ಮ ಸೊಸೆ ಎಂದು ಎಲ್ಲೂ ಬರೆಯಲಿಲ್ಲ.

ನಾನೂ ಒಂದನ್ನು ಬರೆದಿರಲಿಲ್ಲ. ಆ ಪಾನಾ ಅವಳು ಕದ್ದದ್ದಲ್ಲ. ಅಂದು ದಕ್ಷಿಣ ಎಂದಾಗ ಪೂಜಾರಿಯವರ ಮುಖ ನಾನು ನೋಡಿದ್ದೆ. ಇವರು ತಿರುಗಿಸುವುದಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿತ್ತು. ನಿಮ್ಮೊಂದಿಗೆ ವಾದ ಮಾಡುವ ಧೈರ್ಯವಾಗದೆ, ನನ್ನ ಚೀಲದ ಎರಡನೇ ಪಾನಾವನ್ನು ಆ ಹುಡುಗಿಯ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಅವಳನ್ನು ಕಳ್ಳಿ ಎಂದಿರೆಂದು ನಿಮ್ಮ ಕಾಗದದಲ್ಲಿ ಓದಿದ ಮೇಲೂ ಮೂರು ವಾರ ಸುಮ್ಮನಿದ್ದೆ. ಸತ್ಯ ಹೇಳಿದರೆ ಸಂಸ್ಥೆಯಲ್ಲಿ ನನ್ನ ಹೆಸರು ಕೆಡುತ್ತದೆ ಎಂದು.

ಕೂಸು ಬದುಕಿದೆ. ಮನೆಗೆ ಹೋಗುವಾಗ ಎರಡು ಕೇಜಿ ನೂರು ಗ್ರಾಂ ಇತ್ತು. ಚಿತ್ರಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಅತ್ತೆಗೆ ಹೇಳಬ್ಯಾಡಕ್ಕ. ಹಟ್ಟಿ ಮುಂದೆ ಅವರ ತಲೆ ತಗ್ಗಬಾರದು" ಎಂದಿದ್ದಳು. ಆ ಮಾತನ್ನು ಇಂದು ಮುರಿದಿದ್ದೇನೆ.

ತೇಜಶ್ರೀ

*

ಬಿಳಿಕಲ್ಲು ಹಟ್ಟಿ
5 ಫೆಬ್ರವರಿ 2001

ತೇಜಶ್ರೀ,

ನಿನ್ನ ಕಾಗದ ಹದಿಮೂರನೇ ತಾರೀಕು ಬಂತು. ಪೋಸ್ಟ್‌ಮ್ಯಾನ್ ಎದುರೇ ಒಡೆದು ಓದಿದೆ. "ಏನಮ್ಮಾ, ಒಳ್ಳೇ ಸುದ್ದಿನಾ?" ಎಂದ. "ಹೂಂ" ಎಂದೆ. ಅಷ್ಟು ದೊಡ್ಡ ಸುಳ್ಳು ನನ್ನ ಬಾಯಿಂದ ಎಷ್ಟು ಸುಲಭವಾಗಿ ಬಂತು.

ಸೊಸೆ ಎಂದು ಬರೆಯಲಿಲ್ಲವೇಕೆ ಎಂದು ನನ್ನನ್ನೇ ಕೇಳಿಕೊಂಡೆ. ಮನೆಯವಳೆಂದು ಕೈ ಸಡಿಲ ಬಿಟ್ಟಳು ಎಂದು ಯಾರೂ ಅನ್ನಬಾರದು ಎಂದುಕೊಂಡಿದ್ದೆ. ಅದು ಅರ್ಧ ನಿಜ. ಸೊಸೆಗೆ ಇಂಥ ನೀರು ಕುಡಿಸಿದವಳು ಎಂದು ನಿನಗೆ ತಿಳಿಯಬಾರದು ಎಂಬುದು ಇನ್ನರ್ಧ. ಹಾಗಾದರೆ ಮಾಡುವಾಗಲೇ ಅದು ತಪ್ಪೆಂದು ನನಗೆ ಗೊತ್ತಿತ್ತು. ಇದನ್ನು ಬರೆಯಲು ನನಗೆ ಮೂರು ವಾರ ಬೇಕಾಯಿತು.

ಕಾಗದ ಬಂದ ದಿನವೇ ಮಧ್ಯಾಹ್ನ ಯಾರಿಗೂ ಹೇಳದೆ ಪ್ಲೇಟಿನ ಹತ್ತಿರ ಹೋದೆ. ಬೀಗ ತೆಗೆದೆ. ನನ್ನ ಪೆಟ್ಟಿಗೆಯ ಪಾನಾದಿಂದ ಬೋಲ್ಟು ಸಡಿಲಿಸಲು ಎರಡು ಕೈ ಬೇಕಾದವು. ನೆಲದಲ್ಲಿ ಅವಳ ಕಾಲಿನ ಗುರುತು ಇನ್ನೂ ಇತ್ತು. ದಿನವೂ ಒಂದೇ ಕಡೆ ಊರಿ ನಿಂತು ತಿರುಗಿಸಿ ಮಣ್ಣು ತಗ್ಗಾಗಿತ್ತು. ಅದೇ ತಗ್ಗಿನಲ್ಲಿ ಕಾಲಿಟ್ಟು ದಕ್ಷಿಣಕ್ಕೆ ತಿರುಗಿಸಿದೆ. ನಾನು ಬೇಲಿಯ ಬಾಗಿಲು ಮುಟ್ಟುವಷ್ಟರಲ್ಲಿ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿತು. ಯಂತ್ರಕ್ಕೆ ಬಂದಿದ್ದ ರೋಗ ಅಷ್ಟೇ.

ಸಂಜೆ ಗುಡಿಯ ಮುಂದೆ ಎಲ್ಲರನ್ನೂ ಕರೆಸಿದೆ. ನ್ಯಾಯ ಹೇಳುವಾಗ ನಾನು ಕೂರುವ ಕಲ್ಲಿನ ಮೇಲೆ ಕೂರಲಿಲ್ಲ. ನಿಂತು ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಓದು ಕಲಿತದ್ದಕ್ಕೆ ಮೊದಲ ಬಾರಿ ನಾಚಿಕೆಯಾಯಿತು.

ಚಿಕ್ಕೀರಪ್ಪ ಎದ್ದ. "ದಕ್ಷಿಣಕ್ಕೆ ತಿರುಗಿಸಿದ್ರೆ ಪಾತಣ್ಣನ ಹಿಂದೆ ಇನ್ನಾರು ಹೋಗ್ತಾರೋ, ಗೊತ್ತೈತಾ ಜಯಕ್ಕ?"

"ಹೋಗೋದಾದ್ರೆ ನಾನು ಹೋಗ್ತೀನಿ ಕಣಪ್ಪ. ಮಧ್ಯಾಹ್ನ ತಿರುಗಿಸೀನಿ. ಇನ್ನೂ ಉಸಿರಾಡ್ತಿದ್ದೀನಿ."

ಆಗ ಪಾತಣ್ಣನ ಹೆಂಡತಿ ಮಂಜುಳಮ್ಮ, ಅವನು ಹೋದಂದಿನಿಂದ ನಾಲ್ಕು ಮಾತು ಆಡದವಳು, ಹಿಂದಿನಿಂದ ಕೂಗಿದಳು. "ನನ್ನ ಗಂಡ ಮಲಗಿರೋ ಕಡೆ ನೋಡಿದ್ರೆ ಅಷ್ಟೊಂದು ಭಯನಾ ಪೂಜಾರಪ್ಪ? ಬದುಕಿದ್ದಾಗ ಒಂದು ಕೊಡ ನೀರು ತಂದುಕೊಟ್ಟೋನಲ್ಲ. ಈಗಾದ್ರೂ ಆ ಕಡೆಯಿಂದ ಕೊಡ್ಲಿ ಬಿಡ್ರಿ!"

ಯಾರೋ ನಕ್ಕರು. ಆಮೇಲೆ ಅವಳೇ ಅತ್ತಳು. ಪಾತಣ್ಣನ ದುಃಖ ನನ್ನದೇ ಎಂದು ಮೂರು ತಿಂಗಳು ನಾನು ಹೊತ್ತು ತಿರುಗಿದ್ದೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ತಪ್ಪಿಗೆ ಏನು ವಿಧಿಸುತ್ತೀರಿ ಎಂದು ಹಟ್ಟಿಯನ್ನು ಕೇಳಿದೆ. ಯಾರೂ ಬಾಯಿ ತೆರೆಯಲಿಲ್ಲ. ಹದಿನೆಂಟು ವರ್ಷ ನನ್ನ ಎದುರು ಬಾಯಿ ತೆರೆದು ಅಭ್ಯಾಸವಿಲ್ಲ ಅವರಿಗೆ. ನಾನೇ ವಿಧಿಸಿಕೊಂಡೆ.

ಜನವರಿ ಹದಿನೈದರಿಂದ ಹತ್ತೊಂಬತ್ತು ದಿನ ಆ ಗುಡಿಸಲಿನಲ್ಲಿ ಇದ್ದೆ. ಒಳಗೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ಮಲಗಿದರೆ ಕಾಲು ಹೊರಗೆ. ನನ್ನ ಮೂವರು ಮಕ್ಕಳನ್ನೂ ಅಲ್ಲೇ ಹೆತ್ತಿದ್ದೆ. ಒಂದು ಅಲ್ಲೇ ಹೋಯಿತು. ಅದನ್ನು ಎಷ್ಟು ಚೆನ್ನಾಗಿ ಮರೆತಿದ್ದೆ ನೋಡು. ದಿನಕ್ಕೆ ಮೂರು ಸಲ ಪ್ಲೇಟು ತಿರುಗಿಸಿದೆ. ನಲ್ಲಿಯ ನೀರು ಹಟ್ಟಿಗೆ, ಗುಂಡಿಯ ನೀರು ನನಗೆ. ಒಂದು ಮೈಲಿ ಹೋಗಿ ಒಂದು ಕೊಡ ಹೊತ್ತು ತರಲು ನನಗೆ ಅರ್ಧ ಹೊತ್ತು ಬೇಕು. ಅವಳು ಹಸಿ ಮೈಯಲ್ಲಿ ದಿನಕ್ಕೆ ಮೂರು ಕೊಡ ತಂದಿದ್ದಳಂತೆ. ಐದನೇ ದಿನ ನನಗೂ ಭೇದಿಯಾಯಿತು. ನನಗೆ ಅರವತ್ತೊಂದು ವರ್ಷದ ಹೊಟ್ಟೆಯಿದೆ. ಆ ಕೂಸಿಗೆ ಏನಿತ್ತು?

ಹೆಂಗಸರು ಮೊದಲು ದೂರದಿಂದ ನೋಡಿ ಹೋಗುತ್ತಿದ್ದರು. ಆಮೇಲೆ ಚುಚ್ಚುಮಾತು ಶುರುವಾದವು. "ಜಯಕ್ಕನಿಗೆ ಇದು ಎಷ್ಟನೇ ಬಾಣಂತನ?" ಎಂದು ಮುದುಕ ಯರ್ರಪ್ಪ ಬೇಲಿಯಾಚೆಯಿಂದ ಕೂಗಿದ. "ಕೂಸು ಹೆಣ್ಣೋ ಗಂಡೋ?" ಮೊದಲಾಗಿದ್ದರೆ ಅವನ ಮನೆಯವರು ಕ್ಷಮೆ ಕೇಳಲು ಮೂರು ದಿನ ನನ್ನ ಬಾಗಿಲು ಕಾಯಬೇಕಿತ್ತು. ಕೊಡ ಹೊತ್ತು ನಡೆದೆ.

ಫೆಬ್ರವರಿ ಮೂರನೇ ತಾರೀಕು ಬಸ್ಸು ಹತ್ತಿ ಸಿದ್ಧಾಪುರದ ಹತ್ತಿರವಿರುವ ಚಿತ್ರಾಳ ತವರಿಗೆ ಹೋದೆ. ಹೊರಡುವ ಮುಂಚೆ ಪಾನಾವನ್ನು ಚಿಕ್ಕೀರಪ್ಪನ ಕೈಗಿಟ್ಟು, ಅವನೇ ಒಮ್ಮೆ ದಕ್ಷಿಣಕ್ಕೆ ತಿರುಗಿಸುವಂತೆ ಮಾಡಿದೆ. ಜಟಿಂಗ ರಾಮೇಶ್ವರದ ಬೆಟ್ಟ ಕಂಡಾಗ ಇಳಿದುಬಿಡೋಣ, ಹಿಂದಿರುಗೋಣ ಎನ್ನಿಸಿತು.

ಸೂರಮ್ಮ ಕೂರಿ ಎನ್ನಲಿಲ್ಲ. ಅಂಗಳದಲ್ಲಿ ನಿಂತೇ, ಬೀದಿಗೆ ಕೇಳುವಂತೆ ಹೇಳಿದೆ. "ನಿನ್ನ ಮಗಳು ಕಳ್ಳಿ ಅಲ್ಲ ಕಣವ್ವ. ನಾನು ಕಣ್ಣಿದ್ದು ಕುರುಡಿ ಆದೆ. ತಪ್ಪಾತು."

"ಈಗ ಹೇಳಾಕೆ ಬಂದ್ರಾ? ಕೂಸು ಮಣ್ಣಿಗೆ ಹೋಗಿದ್ರೆ ಯಾರ ಹತ್ರ ಹೇಳ್ತಿದ್ರಿ?"



ಚಿತ್ರಾ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ನನ್ನ ಮುಖ ನೋಡಲಿಲ್ಲ. ಅಂಗಳದಲ್ಲಿ ಬಿದ್ದ ನೆರಳು ನೋಡಿದಳು. "ನಡುಮಧ್ಯಾಹ್ನ ಆತಲ್ಲ ಅತ್ತೆ. ಅಲ್ಲಿ ಯಾರು ತಿರುಗಿಸ್ತಾರೆ?"

"ಚಿಕ್ಕೀರಪ್ಪ."

"ಬೋಲ್ಟು ಪೂರ್ತಿ ಬಿಚ್ಚಬ್ಯಾಡ ಅನ್ರಿ. ಅಜ್ಜನಿಗೆ ತಿಳಿಯಲ್ಲ." ಅಷ್ಟು ಹೇಳಿ ಒಳಗೆ ಹೋದಳು. ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಅವಳು ಬರುತ್ತಾಳೋ ಇಲ್ಲವೋ, ಅವಳಿಗೆ ಬಿಟ್ಟದ್ದು. ಕುರಿ ಕಾಯಲು ಆಂಧ್ರದ ಕಡೆ ಹೋಗಿರುವ ಲೋಹಿತನಿಗೂ ಎಲ್ಲವನ್ನೂ ಬರೆದು, ಹೆಂಡತಿ ಎಲ್ಲಿರುತ್ತಾಳೋ ನೀನೂ ಅಲ್ಲಿಗೆ ಹೋಗು ಎಂದು ತಿಳಿಸಿದ್ದೇನೆ.

ನಿನ್ನ ವಿಷಯ ನಿನ್ನ ಸಂಸ್ಥೆಗೆ ನಾನು ಬರೆಯುವುದಿಲ್ಲ. ಬರೆಯಬೇಕೋ ಬೇಡವೋ ನೀನೇ ಯೋಚಿಸು. ಆದರೆ ಇನ್ನೊಂದು ಊರಿಗೆ ಹೋದಾಗ ಯಾರ ಮುಖ ಕಂಡು ಅನುಮಾನ ಬಂತೋ, ಅಲ್ಲೇ ನಿಂತು ಕೇಳು. ನನ್ನಂಥ ಮುದುಕಿಯಾದರೂ ಸರಿ, ಬಸ್ಸು ತಪ್ಪಿದರೂ ಸರಿ.

ಸೂತಕವೇ ಸುಳ್ಳು ಎಂದು ನಾನು ಹಟ್ಟಿಗೆ ಹೇಳಿಲ್ಲ. ಅಷ್ಟು ಬೆಳೆದಿಲ್ಲ ನಾನು. ಆದರೆ ನಿನ್ನೆ ಬೆಳಿಗ್ಗೆ ಆ ಗುಡಿಸಲನ್ನು ನನ್ನ ಕೈಯಿಂದಲೇ ಬಿಚ್ಚಿದೆ. ಹುಲ್ಲನ್ನೂ ಗಳುಗಳನ್ನೂ ಮಂಜುಳಮ್ಮ ಮತ್ತು ನಾನು ತಲೆಯ ಮೇಲೆ ಹೊತ್ತು ಬೇಲಿಯೊಳಗೆ ತಂದೆವು. ಚಿಕ್ಕೀರಪ್ಪ ಬಾಗಿಲಲ್ಲಿ ನಿಂತಿದ್ದ. ಅಡ್ಡ ಬರಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಪಕ್ಕಕ್ಕೆ ಸರಿದು ಬಂದೆವು. ನನ್ನ ಮನೆಯ ಅಂಗಳದಲ್ಲಿ, ನೀನಿಟ್ಟ ಟ್ಯಾಂಕಿಗೆ ಹತ್ತು ಹೆಜ್ಜೆಯಲ್ಲಿ, ಒಬ್ಬ ಹೆಂಗಸು ನೆಟ್ಟಗೆ ನಿಲ್ಲುವಷ್ಟು ಎತ್ತರಕ್ಕೆ ಅದನ್ನು ಮತ್ತೆ ಕಟ್ಟಿದ್ದೇವೆ. ಒಳಗೆ ಒಂದು ಕೊಡ ನಲ್ಲಿಯ ನೀರು ತುಂಬಿಟ್ಟಿದ್ದೇನೆ.

ಜಯಕ್ಕ